ಪ್ರೇಮ ಕಾದಂಬರಿ ಓದಿದರೆ ಗಂಡನಿಗೆ ದ್ರೋಹವೇ?

ಪ್ರಶ್ನೆ: ಮೇಡಂ, ನನಗೆ 39 ವರ್ಷ. ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಯಜಮಾನರಿಗೆ ಸೊಸೈಟಿಯಲ್ಲಿ ಕೆಲಸ, ಜೊತೆಗೆ ಒಂದಿಷ್ಟು ಅಡಿಕೆ ತೋಟ. ಮದುವೆಯಾಗಿ 18 ವರ್ಷವಾಯಿತು. ಓದುವ ಅಭ್ಯಾಸ ಅಮ್ಮನಿಂದ ಬಂದದ್ದು. ಅವರು ತೀರಿಕೊಂಡ ಮೇಲೆ ಅವರ ಕಾದಂಬರಿಗಳನ್ನೆಲ್ಲ ಒಂದು ಟ್ರಂಕಿನಲ್ಲಿ ತಂದು ಇಟ್ಟುಕೊಂಡಿದ್ದೇನೆ. ಎರಡು ವರ್ಷದಿಂದ ಮೊಬೈಲ್‌ನಲ್ಲೂ ಪ್ರೇಮಕಥೆಗಳ ಧಾರಾವಾಹಿ ಓದುತ್ತೇನೆ. ಕೆಲವು ಕಥೆಗಳಲ್ಲಿ ಗಂಡು ಹೆಣ್ಣಿನ ಸಂಗತಿಯನ್ನು ಬಿಚ್ಚಿ ಬರೆದಿರುತ್ತಾರೆ. ಓದುವಾಗ ಹಿತವೆನಿಸುತ್ತದೆ, ಓದಿದ ಮೇಲೆ ಮುಜುಗರವಾಗುತ್ತದೆ. ಚಾತುರ್ಮಾಸ್ಯದಲ್ಲಿ ಕೇಳಿದ ಪ್ರವಚನವೊಂದರಲ್ಲಿ ರೇಣುಕೆಯ ಕಥೆ ಹೇಳಿ, ಪರಪುರುಷನನ್ನು ಮನಸ್ಸಿನಲ್ಲಿ ನೆನೆದರೂ ಪಾತಿವ್ರತ್ಯಕ್ಕೆ ಭಂಗ ಎಂದರು. ಅಂದಿನಿಂದ ದೇವರಿಗೆ ದೀಪ ಹಚ್ಚುವಾಗಲೂ ಒಳಗೆ ಅಳುಕು. ಅತ್ತೆಗೆ ನಾನು ಪುಸ್ತಕ ಹಿಡಿದರೆ ಆಗುವುದಿಲ್ಲ. ಹಾಗಾಗಿ ಎಲ್ಲರೂ ಮಲಗಿದ ಮೇಲೆ ಓದುತ್ತೇನೆ, ಒಮ್ಮೊಮ್ಮೆ ರಾತ್ರಿ ಒಂದು ಗಂಟೆಯಾಗುತ್ತದೆ. ಈಗ ಪಿಯುಸಿ ಓದುತ್ತಿರುವ ಮಗಳಿಗೂ ಅದೇ ಹುಚ್ಚು. ಮೊನ್ನೆ ಒಂದು ಕಥೆ ತೋರಿಸಿದಳು. ನಾಯಕ ನಾಯಕಿಯನ್ನು ಕಾರಿನಲ್ಲಿ ಎಳೆದುಕೊಂಡು ಹೋಗಿ ತಾಳಿ ಕಟ್ಟುತ್ತಾನೆ. ‘ಎಷ್ಟು ಪ್ರೀತಿ ನೋಡಮ್ಮ’ ಎಂದಳು. ನನ್ನ ಎದೆ ಝಲ್ಲೆಂದಿತು, ಯಾಕೆಂದು ಇಲ್ಲಿ ಬರೆಯಲಾರೆ. ವಿಷಯ ತಿಳಿದ ಯಜಮಾನರು ಇಬ್ಬರ ಮೊಬೈಲ್‌ನಿಂದಲೂ ಆ್ಯಪ್ ತೆಗೆಯಬೇಕು, ಟ್ರಂಕನ್ನು ರದ್ದಿಗೆ ಹಾಕಬೇಕು ಎನ್ನುತ್ತಿದ್ದಾರೆ. ನಾನು ಮಾಡುತ್ತಿರುವುದು ತಪ್ಪೇ? ಮಗಳನ್ನು ನಾನೇ ಹಾಳು ಮಾಡಿದೆನೇ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಾಪದ ಭಯ, ಕದ್ದು ಓದುವ ಸಂಕಟ, ಮಗಳ ಚಿಂತೆ, ಎಲ್ಲವೂ ಅದರಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ನೀವು ಹೆಚ್ಚು ನೊಂದಿರುವುದು ಮೊದಲನೆಯದಕ್ಕೆ. ಮಗಳ ಮಾತನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ. ದಂಪತಿಗಳ ಜೊತೆ, ಹದಿಹರೆಯದ ಮಕ್ಕಳ ಜೊತೆ ಬಹಳ ಕಾಲದಿಂದ ಕೆಲಸ ಮಾಡುತ್ತಿರುವ ಆಪ್ತಸಲಹೆಗಾರ್ತಿಯಾಗಿ ಹೇಳುವುದಾದರೆ, ಈ ತೂಕ ಅದಲುಬದಲಾಗಬೇಕು. ನಿಮ್ಮ ಪಾಪಭೀತಿಗೆ ಅಷ್ಟು ಆಧಾರವಿಲ್ಲ. ಮಗಳ ಮಾತು ಕೇಳಿ ಎದೆ ಝಲ್ಲೆಂದದ್ದಕ್ಕೆ ಆಧಾರವಿದೆ.

ಪ್ರವಚನದ ಕಥೆಯಿಂದಲೇ ಶುರು ಮಾಡೋಣ. ಹೊಳೆಯಲ್ಲಿ ಜಲಕ್ರೀಡೆಯಾಡುತ್ತಿದ್ದ ಗಂಧರ್ವನನ್ನು ಕಂಡು ರೇಣುಕೆಯ ಮನಸ್ಸು ಒಂದು ಗಳಿಗೆ ಚಂಚಲವಾಯಿತು. ಪಾತಿವ್ರತ್ಯದ ಬಲದಿಂದ ದಿನವೂ ಮಾಡುತ್ತಿದ್ದ ಮರಳಿನ ಕೊಡ ಅಂದು ನಿಲ್ಲಲಿಲ್ಲ. ಗಂಡ ಜಮದಗ್ನಿ ಮಗ ಪರಶುರಾಮನ ಕೈಯಿಂದಲೇ ಅವಳ ತಲೆ ಕಡಿಸಿದ. ಪ್ರವಚನಕಾರರು ಇಷ್ಟಕ್ಕೆ ನಿಲ್ಲಿಸಿದ್ದರೆ ಅರ್ಧ ಕಥೆ ಹೇಳಿದಂತಾಯಿತು. ಮಹಾಭಾರತದಲ್ಲಿ ಪರಶುರಾಮ ತಂದೆಯಿಂದ ಕೇಳುವ ವರಗಳಲ್ಲಿ ಮೊದಲನೆಯದು ತಾಯಿ ಬದುಕಲಿ ಎಂಬುದು. ತನ್ನನ್ನು ಕೊಂದ ನೆನಪೂ ಅವಳಿಗೆ ಉಳಿಯದಿರಲಿ ಎಂದು ಆತ ಬೇಡುತ್ತಾನೆ. ನಮ್ಮ ನಾಡು ಇನ್ನೂ ಮುಂದೆ ಹೋಯಿತು. ಸವದತ್ತಿಯ ಗುಡ್ಡಕ್ಕೆ, ನಿಮಗೆ ಹತ್ತಿರದ ಚಂದ್ರಗುತ್ತಿಗೆ ಜನ ಉಧೋ ಉಧೋ ಎನ್ನುತ್ತ ಹೋಗುವುದು ಆ ತಾಯಿಯ ದರ್ಶನಕ್ಕೆ. ಒಂದು ಗಳಿಗೆ ಮನಸ್ಸು ಕದಲಿದ ಹೆಂಗಸನ್ನು ದೇವಿಯಾಗಿ ಪೂಜಿಸುವ ಸೀಮೆಯಲ್ಲಿ ನೀವು ದೀಪ ಹಚ್ಚಲು ಅಳುಕಬೇಕಾಗಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದು ಕನ್ನಡದಲ್ಲೇ ಇದೆ. ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ರಾಜ ಯಶೋಧರ ತಾಯಿಯ ಒತ್ತಾಯಕ್ಕೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಗೆ ಬಲಿ ಕೊಡುತ್ತಾನೆ. ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಆ ಸಂಕಲ್ಪಹಿಂಸೆಯ ಪಾಪಕ್ಕೆ ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ತೊಳಲುತ್ತಾರೆ. ಹಾಗಾದರೆ ಕಲ್ಪನೆಯಲ್ಲಿ ಮಾಡಿದ್ದೂ ಮಾಡಿದಂತೆಯೇ ಅಲ್ಲವೇ ಎಂದು ಯಾರಾದರೂ ನಿಮ್ಮನ್ನು ಕೇಳಬಹುದು. ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಯಶೋಧರ ಕತ್ತಿ ಹಿಡಿದದ್ದು ಫಲ ಬಯಸಿ, ಹೊಡೆಯಬೇಕೆಂದು ನಿಶ್ಚಯಿಸಿ. ಮನಸ್ಸಿನಲ್ಲಿ ಒಂದು ಚಿತ್ರ ಮೂಡುವುದು ಬೇರೆ, ಅದನ್ನು ನಡೆಸಿಯೇ ತೀರುತ್ತೇನೆ ಎಂದು ಹೊರಡುವುದು ಬೇರೆ. ಅದೇ ಕಾವ್ಯದಲ್ಲಿ ರಾಣಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಜನ್ನ ಬಿಡಿಸಿ ಬಿಡಿಸಿ ಹೇಳಿದ್ದಾನೆ. ಅದನ್ನು ಶತಮಾನಗಳ ಕಾಲ ಭಕ್ತಿಯಿಂದ ಓದಿದವರಿದ್ದಾರೆ. ಆ ಭಾಗ ಓದಿದ್ದಕ್ಕೆ ತಾವು ವ್ರತಭ್ರಷ್ಟರಾದೆವು ಎಂದು ಅವರು ತಿಳಿಯಲಿಲ್ಲ.

ನನ್ನ ಕೆಲಸದಲ್ಲಿ ಕಂಡದ್ದನ್ನು ಹೇಳುತ್ತೇನೆ. ದಾಂಪತ್ಯ ಮುರಿದು ಬಂದವರ ಕಥೆಗಳಲ್ಲಿ ಕಾದಂಬರಿ ಕಾರಣವಾಗಿದ್ದನ್ನು ನಾನು ಕಂಡಿಲ್ಲ. ಮಾತು ನಿಂತದ್ದು, ಸಾಲ, ಕುಡಿತ, ಅನುಮಾನ, ಹೊಡೆತ, ಎರಡೂ ಕಡೆಯವರ ಹಸ್ತಕ್ಷೇಪ, ಇವು ಕಾರಣ. ಪುಸ್ತಕ ಕೆಲವೊಮ್ಮೆ ಆ ಖಾಲಿ ಜಾಗದಲ್ಲಿ ಬಂದು ಕುಳಿತಿರುತ್ತದೆ. ಅದನ್ನು ಕಂಡವರು, ಜಾಗ ಖಾಲಿ ಮಾಡಿದ್ದೇ ಪುಸ್ತಕ ಎಂದು ತಿಳಿಯುತ್ತಾರೆ. ಹಾಗೆಂದು ಎಚ್ಚರವೇ ಬೇಡ ಎಂದಲ್ಲ. ಗಂಡನ ಜೊತೆ ಆಡಬೇಕಾದ ಮಾತನ್ನು ತಿಂಗಳುಗಟ್ಟಲೆ ಮುಂದೂಡಿ ಕಥೆಯೊಳಗೆ ಸೇರಿಕೊಳ್ಳುತ್ತಿದ್ದರೆ, ಆತ ಹತ್ತಿರ ಬಂದಾಗಲೆಲ್ಲ ಕಥೆಯ ನಾಯಕನ ಜೊತೆ ಹೋಲಿಸಿ ಕುಗ್ಗುತ್ತಿದ್ದರೆ, ಮನೆಯ ಹಣವನ್ನು ಮುಚ್ಚಿಟ್ಟು ಮುಂದಿನ ಕಂತುಗಳಿಗೆ ಸುರಿಯುತ್ತಿದ್ದರೆ ಆಗ ನಿಲ್ಲಿಸಿ ಯೋಚಿಸಬೇಕು. ನಿಮ್ಮ ಪತ್ರದಲ್ಲಿ ಇವು ಯಾವುವೂ ಕಾಣಲಿಲ್ಲ. ಇದ್ದರೆ ನಿಮಗೇ ಗೊತ್ತಿರುತ್ತದೆ.

ಮುಜುಗರದ ಬಗ್ಗೆ ಒಂದು ಮಾತು. ಶೃಂಗಾರದ ವರ್ಣನೆ ಓದಿದಾಗ ಮೈ ಮನಸ್ಸು ಸ್ಪಂದಿಸುವುದು ದೇಹದ ಸಹಜ ಕೆಲಸ, ಅದು ಚಾರಿತ್ರ್ಯದ ಪರೀಕ್ಷೆಯಲ್ಲ. ಆದರೆ ಬಿಚ್ಚಿ ಬರೆದದ್ದು ನನ್ನ ಶ್ರದ್ಧೆಗೆ ಒಗ್ಗುವುದಿಲ್ಲ ಎಂದು ನಿಮಗೇ ಅನ್ನಿಸಿದರೆ ಅದೂ ಗೌರವಕ್ಕೆ ಯೋಗ್ಯವಾದ ತೀರ್ಮಾನ. ಅಂಥ ಪುಟ ದಾಟಿಸಿ ಓದಿ, ಅಥವಾ ಅಂಥ ಲೇಖಕರನ್ನು ಬಿಡಿ. ನಿಮ್ಮ ಗೆರೆಯನ್ನು ನೀವು ಎಳೆದುಕೊಂಡರೆ ಮನಸ್ಸು ನಿರಾಳವಾಗುತ್ತದೆ. ಬೇರೆಯವರ ಗೆರೆಯನ್ನು ಕದ್ದು ದಾಟುತ್ತಿದ್ದೇನೆ ಎಂಬ ಭಾವ ಇದ್ದಷ್ಟು ದಿನ ಯಾವ ಪುಸ್ತಕ ಓದಿದರೂ ಮುಜುಗರ ತಪ್ಪದು.

ಹೆಂಗಸರು ಓದುವ ಕಥೆಗೆ ನೀತಿಯ ಸರಪಳಿ ಹಾಕುವುದು ಇಂದಿನದಲ್ಲ. ಇಂಗ್ಲೆಂಡಿನಲ್ಲಿ ಲೇಖಕ ಸ್ಯಾಮುಯೆಲ್ ಜಾನ್ಸನ್ 1750ರಲ್ಲೇ, ಕಾದಂಬರಿಗಳನ್ನು ಓದುವವರು ಹೆಚ್ಚಾಗಿ ಎಳೆಯರು, ತಿಳಿಯದವರು, ಕೆಲಸವಿಲ್ಲದವರು ಎಂದು ಬರೆದು ಅವುಗಳ ಪ್ರಭಾವದ ಬಗ್ಗೆ ಎಚ್ಚರಿಸಿದ್ದ. ನಮ್ಮ ಹತ್ತಿರದ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ಎಂಬ ಮಹಾ ಗಾಯಕಿ, ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಕಾವ್ಯ ರಾಧಿಕಾ ಸಾಂತ್ವನವನ್ನು 1910ರಲ್ಲಿ ಪೂರ್ಣವಾಗಿ ಅಚ್ಚು ಮಾಡಿಸಿದರು. ರಾಧೆ ಕೃಷ್ಣರ ಶೃಂಗಾರ ಅದರ ವಸ್ತು. ಸಮಾಜ ಸುಧಾರಕರೆಂದೇ ಹೆಸರಾದ ವೀರೇಶಲಿಂಗಂ ಅವರು ಆ ಕವಯಿತ್ರಿಯನ್ನು ಕುಲಟೆ ಎಂದು ಕರೆದು, ಹೆಂಗಸರ ಕಿವಿಗೆ ಬೀಳಬಾರದ ಮಾತುಗಳು ಕಾವ್ಯದಲ್ಲಿವೆ ಎಂದಿದ್ದರು. ನಾಗರತ್ನಮ್ಮ ಹಾಗೇ ಬಿಡಲಿಲ್ಲ. ನಾಚಿಕೆ ಹೆಂಗಸರಿಗೆ ಮಾತ್ರ ಸೇರಿದ್ದೇ, ಗಂಡಸರಿಗಿಲ್ಲವೇ, ಗಂಡಸರು ಇದಕ್ಕಿಂತ ಬಿಚ್ಚಿ ಬರೆದ ಕಾವ್ಯಗಳಿಗೆ ಇಲ್ಲದ ಆಕ್ಷೇಪ ಇದಕ್ಕೇಕೆ ಎಂದು ಮುನ್ನುಡಿಯಲ್ಲೇ ಕೇಳಿದರು. ಮರುವರ್ಷ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆರವಾಗಲು ಸ್ವಾತಂತ್ರ್ಯದ ಕಾಲ ಬರಬೇಕಾಯಿತು. ನಾಗರತ್ನಮ್ಮ ಕೇಳಿದ ಪ್ರಶ್ನೆಯನ್ನು ನಿಮ್ಮ ಮನೆಗೂ ಅನ್ವಯಿಸಿ ನೋಡಿ. ಯಜಮಾನರು ಸಿನಿಮಾ ನೋಡಿದಾಗ, ಅದರಲ್ಲಿ ನಾಯಕಿ ಮಳೆಯಲ್ಲಿ ಕುಣಿದಾಗ, ಅವರು ಏಕಪತ್ನೀವ್ರತಕ್ಕೆ ಭಂಗ ತಂದರು ಎಂದು ಯಾರಾದರೂ ಹೇಳಿದ್ದುಂಟೇ?

ಕದ್ದು ಓದುವ ವಿಷಯಕ್ಕೆ ಬರುತ್ತೇನೆ. ಅತ್ತೆಯವರ ಸಿಟ್ಟು ಪುಸ್ತಕದೊಳಗಿನ ಪ್ರೇಮದ ಮೇಲೆ ಎಂದು ನನಗೆ ಅನ್ನಿಸುವುದಿಲ್ಲ. ಕುಳಿತು ಓದುತ್ತಿರುವ ಸೊಸೆಯ ಕೈ ಖಾಲಿಯಾಗಿದೆ ಎಂಬುದರ ಮೇಲೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಅಷ್ಟು ದುಡಿದ ಮೇಲೂ ಅರ್ಧ ಗಂಟೆ ತನಗಾಗಿ ತೆಗೆದುಕೊಂಡರೆ ಅದು ಕದ್ದ ಹೊತ್ತು ಎನ್ನಿಸಿಕೊಳ್ಳುತ್ತದೆ. ಜಾನಿಸ್ ರಾಡ್‌ವೇ ಎಂಬ ವಿದುಷಿ ಅಮೆರಿಕದ ಒಂದು ಊರಿನ ಪ್ರೇಮ ಕಾದಂಬರಿ ಓದುಗಿಯರ ಜೊತೆ ಕುಳಿತು ಮಾತಾಡಿ 1984ರಲ್ಲಿ ಪುಸ್ತಕ ಬರೆದರು. ಅವರಲ್ಲಿ ಹೆಚ್ಚಿನವರು ಮಕ್ಕಳಿರುವ ಗೃಹಿಣಿಯರು. ಪುಸ್ತಕ ತೆರೆದಾಗ ಆ ಹೊತ್ತು ತಮ್ಮದಾಗುತ್ತದೆ, ಯಾರ ಹೆಂಡತಿಯೂ ಯಾರ ತಾಯಿಯೂ ಆಗಿರಬೇಕಾಗಿಲ್ಲ ಎಂಬರ್ಥದ ಮಾತುಗಳನ್ನು ಅವರು ಆಡಿದರು. ತಮ್ಮ ಓದನ್ನು ಕಂಡರೆ ಮನೆಯವರಿಗೆ ಕಿರಿಕಿರಿ ಎಂದೂ ಹೇಳಿದರು. ಎಲ್ಲಿಯ ಅಮೆರಿಕ, ಎಲ್ಲಿಯ ಶಿರಸಿ!

ರಾತ್ರಿ ಒಂದು ಗಂಟೆಯ ಓದನ್ನು ಮಾತ್ರ ನಾನು ಸಮರ್ಥಿಸಲಾರೆ. ಅಲ್ಲಿರುವುದು ನಿದ್ದೆಯ ಪ್ರಶ್ನೆ. ಬೆಳಿಗ್ಗೆ ಐದೂವರೆಗೆ ಏಳುವವರು ಒಂದಕ್ಕೆ ಮಲಗಿದರೆ ಆಗುವ ಸಿಡುಕು, ಮಂಕು, ಎದೆಭಾರವನ್ನು ನೀವು ಪಾಪಪ್ರಜ್ಞೆ ಎಂದು ತಿಳಿಯುತ್ತಿರಬಹುದು. ಮೊಬೈಲ್ ಧಾರಾವಾಹಿಗಳ ಕಟ್ಟೋಣವೇ ಹಾಗಿದೆ. ಪ್ರತಿ ಕಂತೂ ತುದಿಯಲ್ಲಿ ಉಸಿರು ಹಿಡಿಸಿ ನಿಲ್ಲುತ್ತದೆ, ಮುಂದಿನದಕ್ಕೆ ನಾಳೆಯವರೆಗೆ ಕಾಯಬೇಕು, ಇಲ್ಲವೇ ಹಣ ಕೊಟ್ಟು ತೆರೆಯಬೇಕು. ಓದುವವರ ಸಂಯಮ ಕಡಿಮೆ ಎಂದಲ್ಲ, ಬಿಡಲಾಗದಂತೆ ಯೋಚಿಸಿಯೇ ಅದನ್ನು ಮಾಡಿರುತ್ತಾರೆ. ಅದಕ್ಕೆ ನಾನು ಕೊಡುವ ಸಲಹೆ ಸರಳ. ಕಂತಿನ ಕೊನೆಯಲ್ಲಿ ನಿಲ್ಲಿಸಬೇಡಿ, ನಡುವೆ ನಿಲ್ಲಿಸಿ. ಕೊಕ್ಕೆ ಇರುವುದು ಕೊನೆಯಲ್ಲಿ. ಮುಗಿದ ಕಥೆಗಳನ್ನಷ್ಟೇ ಓದುತ್ತೇನೆ ಎಂದು ನಿಯಮ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಓದನ್ನು ಹಗಲಿಗೆ ತನ್ನಿ, ಊಟದ ನಂತರ ಅರ್ಧ ಗಂಟೆ, ಎಲ್ಲರ ಕಣ್ಣೆದುರು, ಜಗಲಿಯಲ್ಲಿ ಕುಳಿತು. ಮೊದಲ ವಾರ ಅತ್ತೆಯವರು ಏನಾದರೂ ಅಂದಾರು. ಕೇಳಿಸಿಕೊಂಡು ಓದು ಮುಂದುವರಿಸಿ.

ಪ್ರೇಮ ಕಾದಂಬರಿ ತಲೆ ಕೆಡಿಸುತ್ತದೆ ಎಂಬುದಕ್ಕೆ ಸಂಶೋಧನೆ ಏನನ್ನುತ್ತದೆ ಎಂದು ಕೇಳುವವರಿದ್ದಾರೆ. ಚಿತ್ರ ಬೆರೆತಿದೆ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣುಗಳ ಚಿತ್ರವನ್ನಷ್ಟೇ ನೋಡಿ ಎದುರಿನವರ ಭಾವ ಗುರುತಿಸುವ ಪರೀಕ್ಷೆಯಲ್ಲಿ ಪ್ರೇಮ ಕಾದಂಬರಿಗಳ ಪರಿಚಯ ಹೆಚ್ಚಿದ್ದವರು ಚೆನ್ನಾಗಿ ಮಾಡಿದರು. ಇನ್ನೊಂದು ಬದಿಗೆ, ಅಮೆರಿಕದಲ್ಲಿ 2000ದಲ್ಲಿ ಬಂದ ಅಧ್ಯಯನವೊಂದು ಇಂಥ ಕಾದಂಬರಿ ಹೆಚ್ಚು ಓದುವ ವಿದ್ಯಾರ್ಥಿನಿಯರಿಗೆ ಕಾಂಡೋಮ್ ಬಗ್ಗೆ ಒಲವು ಕಡಿಮೆ ಎಂದು ಕಂಡುಕೊಂಡಿತು. ಕಥೆಯೊಳಗೇ ಪಾತ್ರಗಳು ಅದರ ಬಗ್ಗೆ ಮಾತಾಡುವಂತೆ ಬರೆದಾಗ ಓದುಗರ ನಿಲುವು ಸುಧಾರಿಸಿತು ಎಂದೂ ಅದೇ ಅಧ್ಯಯನ ಹೇಳಿತು. 2014ರಲ್ಲಿ 18ರಿಂದ 24 ವರ್ಷದ 650ಕ್ಕೂ ಹೆಚ್ಚು ಅಮೆರಿಕನ್ ಯುವತಿಯರನ್ನು ಕೇಳಿದಾಗ, ಆ ಹೊತ್ತಿಗೆ ಬಹಳ ಮಾರಾಟವಾಗಿದ್ದ, ಯಜಮಾನಿಕೆ ನಡೆಸುವ ಸಿರಿವಂತ ನಾಯಕನ ಕಥೆ ಓದಿದವರಲ್ಲಿ ಹಿಂಸೆ ಕೊಡುವ ಸಂಗಾತಿಯನ್ನು ಕಂಡವರು ಹೆಚ್ಚಾಗಿದ್ದರು. ಓದಿದ್ದರಿಂದ ಹಾಗಾಯಿತೋ, ಅಂಥ ಬಾಳು ಕಂಡವರೇ ಅಂಥ ಕಥೆಗೆ ಹೋದರೋ ಎಂಬುದನ್ನು ಆ ಅಧ್ಯಯನ ತೀರ್ಮಾನಿಸಲಾರದು. ನನಗೆ ಕಾಣುವುದು ಇಷ್ಟು: ಪ್ರೇಮಕಥೆ ಎಂಬ ಜಾತಿ ಮುಖ್ಯವಲ್ಲ, ಆ ಕಥೆ ಏನನ್ನು ಪ್ರೀತಿ ಎಂದು ತೋರಿಸುತ್ತದೆ ಎಂಬುದು ಮುಖ್ಯ.

ಇಲ್ಲಿಂದ ಮಗಳ ವಿಷಯ. ಮೊಬೈಲ್ ಧಾರಾವಾಹಿಗಳಲ್ಲಿ ಮತ್ತೆ ಮತ್ತೆ ಬರುವ ದೃಶ್ಯವೊಂದನ್ನು ತೆಗೆದುಕೊಳ್ಳೋಣ. ಆಫೀಸಿನ ಮೆಟ್ಟಿಲಲ್ಲಿ ನಾಯಕ ನಾಯಕಿಯ ಮಣಿಕಟ್ಟು ಹಿಡಿಯುತ್ತಾನೆ. ‘ಬಿಡಿ ಸರ್’ ಎನ್ನುತ್ತಾಳೆ. ಹಿಡಿತ ಬಿಗಿಯಾಗುತ್ತದೆ. ಬಳೆ ಒಡೆಯುತ್ತದೆ, ರಕ್ತ ಜಿನುಗುತ್ತದೆ. ಮುಂದಿನ ಸಾಲಿನಲ್ಲಿ ಅವಳ ಎದೆಬಡಿತ ಏರುತ್ತದೆ, ಆ ಬಡಿತಕ್ಕೆ ಲೇಖಕಿ ಪ್ರೀತಿ ಎಂದು ಹೆಸರಿಡುತ್ತಾರೆ. ರಾತ್ರಿ ಅವನೇ ಬಂದು ಆ ಗಾಯಕ್ಕೆ ಮುಲಾಮು ಹಚ್ಚುತ್ತಾನೆ, ಓದುಗರು ಕಣ್ಣೊರೆಸಿಕೊಳ್ಳುತ್ತಾರೆ. ಈ ದೃಶ್ಯದಲ್ಲಿ ಅಪ್ಪುಗೆಯಿಲ್ಲ, ಮುತ್ತಿಲ್ಲ, ಅಶ್ಲೀಲವೆನ್ನುವ ಒಂದು ಪದವಿಲ್ಲ. ನಿಮ್ಮ ಅತ್ತೆಯವರ ಮುಂದೆಯೇ ಗಟ್ಟಿಯಾಗಿ ಓದಬಹುದು. ಆದರೆ ಎದೆಬಡಿತ ಭಯಕ್ಕೂ ಏರುತ್ತದೆ ಎಂಬುದನ್ನು ಅದು ಹದಿನಾರರ ಹುಡುಗಿಗೆ ಮರೆಸುತ್ತದೆ. ಇಬ್ಬರೂ ಒಪ್ಪಿ, ಒಬ್ಬರನ್ನೊಬ್ಬರು ಕೇಳಿ, ಸೇರುವ ದೃಶ್ಯವನ್ನು ಎಷ್ಟೇ ಬಿಚ್ಚಿ ಬರೆದಿದ್ದರೂ ಅದಕ್ಕಿಂತ ಈ ಮಣಿಕಟ್ಟಿನ ದೃಶ್ಯ ನನಗೆ ಹೆಚ್ಚು ಆತಂಕ ತರುತ್ತದೆ. ನೀತಿಯ ಹೆಸರಿನಲ್ಲಿ ಕಥೆಗಳನ್ನು ಅಳೆಯುವವರು ಎಷ್ಟು ಬಟ್ಟೆ ಕಳಚಿತು ಎಂದು ಎಣಿಸುತ್ತಾರೆ. ಹುಡುಗಿ ಬೇಡ ಎಂದಾಗ ಏನಾಯಿತು ಎಂದು ಕೇಳುವುದೇ ಇಲ್ಲ.

ಇಂಥ ನಾಯಕ ಎಲ್ಲಿಂದ ಬಂದ? ನಮ್ಮಲ್ಲಿ ಮಾತ್ರ ಹುಟ್ಟಿದವನಲ್ಲ. ಅಮೆರಿಕದಲ್ಲಿ 1972ರಲ್ಲಿ ಬಂದು ಲಕ್ಷಾಂತರ ಪ್ರತಿ ಖರ್ಚಾದ ಕ್ಯಾಥ್ಲೀನ್ ವುಡಿವಿಸ್ ಅವರ ಐತಿಹಾಸಿಕ ಪ್ರೇಮ ಕಾದಂಬರಿಯಲ್ಲಿ ನಾಯಕ ಶುರುವಿನಲ್ಲೇ ನಾಯಕಿಯ ಮೇಲೆ ಬಲಾತ್ಕಾರ ಮಾಡುತ್ತಾನೆ, ಕೊನೆಗೆ ಅವನೇ ಪ್ರೀತಿಯ ಗಂಡ. ಅದರ ಹಿಂದೆ ಅದೇ ಅಚ್ಚಿನ ಅನೇಕ ಕಾದಂಬರಿಗಳು ಬಂದವು. ರಾಡ್‌ವೇ ಮಾತಾಡಿಸಿದ ಓದುಗಿಯರೇ, ಕಥೆಯಲ್ಲಿ ಎಂದಿಗೂ ಇರಬಾರದ್ದು ಯಾವುದು ಎಂದು ಕೇಳಿದಾಗ ಬಲಾತ್ಕಾರವನ್ನು ಹೆಸರಿಸಿದ್ದರು. ಹಾಗಿದ್ದೂ ಆ ಅಚ್ಚು ಉಳಿದದ್ದೇಕೆ ಎಂದು ವಿಮರ್ಶಕರು ಬಹಳ ಚರ್ಚಿಸಿದ್ದಾರೆ. ನನಗೆ ಒಪ್ಪಿತವಾಗುವ ವಿವರಣೆ ಒಂದಿದೆ. ಒಳ್ಳೆಯ ಮನೆತನದ ಹುಡುಗಿ ತಾನಾಗಿ ಬಯಸಬಾರದು ಎಂದು ಸಮಾಜ ಹೇಳಿಬಿಟ್ಟಿರುತ್ತದೆ. ಆದರೆ ಓದುವವಳಿಗೆ ಪ್ರೀತಿಯೂ ಬೇಕು, ಸ್ಪರ್ಶವೂ ಬೇಕು. ಆಗ ಲೇಖಕಿಗೆ ಸಿಗುವ ಉಪಾಯ, ಹುಡುಗಿ ಬೇಡವೆನ್ನಲಿ, ಗಂಡು ಎಳೆದುಕೊಂಡು ಹೋಗಲಿ. ಸುಖ ಸಿಕ್ಕಿತು, ಹುಡುಗಿಯ ಮೇಲೆ ಕಳಂಕ ಬರಲಿಲ್ಲ. ಅಂದರೆ ಪರಪುರುಷನನ್ನು ನೆನೆದರೂ ಪಾಪ ಎಂದು ನಿಮ್ಮನ್ನು ಅಳಿಸಿದ ನೀತಿಯೂ, ನಿಮ್ಮ ಮಗಳು ಮೆಚ್ಚಿದ ಆ ಕಾರಿನ ನಾಯಕನೂ ಒಂದೇ ಬೇರಿನ ಎರಡು ಚಿಗುರು. ಮಗಳಿಗೆ ‘ಥೂ, ಇಂಥದ್ದನ್ನೆಲ್ಲ ಓದುತ್ತೀಯಾ’ ಎಂದು ನೀವು ನಾಚಿಕೆ ಹುಟ್ಟಿಸಿದಷ್ಟೂ ಆ ನಾಯಕನ ಆಕರ್ಷಣೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಯಜಮಾನರು ಹೇಳಿದಂತೆ ಆ್ಯಪ್ ತೆಗೆಸಬಹುದು. ಅದರ ಅಪಾಯ, ಅವಳು ಗೆಳತಿಯ ಮೊಬೈಲ್‌ನಲ್ಲಿ ಓದುತ್ತಾಳೆ, ಅದೇ ಕಥೆಯನ್ನು. ಇಂದು ‘ನೋಡಮ್ಮ’ ಎಂದು ತಾನಾಗಿ ತೋರಿಸಿದ ಹುಡುಗಿ ನಾಳೆ ತೋರಿಸುವುದಿಲ್ಲ. ಕಾಲೇಜಿನ ದಾರಿಯಲ್ಲಿ ನಿಜವಾಗಿ ಯಾರಾದರೂ ಅವಳ ಕೈ ಹಿಡಿದೆಳೆದರೂ ಹೇಳುವುದಿಲ್ಲ. ನನ್ನ ಬಳಿ ಬರುವ ಹುಡುಗಿಯರು ವಿಷಯ ಮುಚ್ಚಿಡಲು ಕೊಡುವ ಕಾರಣ ಬಹುಪಾಲು ಒಂದೇ: ‘ಹೇಳಿದರೆ ಮೊಬೈಲ್ ಕಿತ್ತುಕೊಳ್ಳುತ್ತಾರೆ.’ ಸುಮ್ಮನೆ ಬಿಟ್ಟುಬಿಡುವುದೂ ಸರಿಯಲ್ಲ. ಅವಳಿಗೆ ಅಳತೆಗೋಲು ಕೊಡದೆ ಬರೀ ಕಥೆ ಕೊಟ್ಟಂತಾಗುತ್ತದೆ. ನಾನು ಸೂಚಿಸುವ ದಾರಿಯಲ್ಲಿ ನಿಮಗೆ ಸ್ವಲ್ಪ ಸಂಕೋಚವಾದೀತು. ಅದೇ ಕಥೆಯನ್ನು ಅವಳ ಜೊತೆ ಓದಿ. ಉಪದೇಶ ಬೇಡ, ಪ್ರಶ್ನೆ ಕೇಳಿ. ‘ಇವಳು ಕಾರಿನಿಂದ ಇಳಿಯುತ್ತೇನೆ ಎಂದಾಗ ಅವನು ನಿಲ್ಲಿಸಿದ್ದರೆ ನಿನಗೆ ಕಥೆ ಚಪ್ಪೆ ಎನಿಸುತ್ತಿತ್ತೇ?’ ‘ಅವನಿಗೆ ಅಷ್ಟು ಹಣ, ಅಷ್ಟು ರೂಪ ಇಲ್ಲದಿದ್ದರೆ ಇದೇ ಕೆಲಸವನ್ನು ನಾವು ಏನೆಂದು ಕರೆಯುತ್ತಿದ್ದೆವು?’ ಹುಡುಗಿಯರು ಈ ಎರಡನೆಯ ಪ್ರಶ್ನೆಗೆ ತಡವರಿಸುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಆಮೇಲೆ ಅವರೇ ಮಾತು ಶುರು ಮಾಡುತ್ತಾರೆ.

ಆ ಮಾತಿನಲ್ಲಿ ಕಾನೂನನ್ನೂ ತನ್ನಿ. ಮದುವೆಯಾಗುವಂತೆ ಬಲವಂತಪಡಿಸಲು ಹೆಣ್ಣನ್ನು ಅಪಹರಿಸುವುದು ಭಾರತೀಯ ನ್ಯಾಯ ಸಂಹಿತೆಯ 87ನೇ ಸೆಕ್ಷನ್ ಅಡಿ ಹತ್ತು ವರ್ಷಗಳವರೆಗೆ ಜೈಲುಶಿಕ್ಷೆ ಇರುವ ಅಪರಾಧ. ಬೇಡವೆಂದು ಸ್ಪಷ್ಟಪಡಿಸಿದ ಮೇಲೂ ಹಿಂಬಾಲಿಸುವುದು 78ನೇ ಸೆಕ್ಷನ್ ಅಡಿ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಬಲವಂತದಿಂದ ಒಪ್ಪಿಗೆ ಪಡೆದ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ನ್ಯಾಯಾಲಯದಲ್ಲಿ ರದ್ದು ಮಾಡಿಸಬಹುದು, ಆದರೆ ಬಲವಂತ ನಿಂತ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಹದಿನೆಂಟು ತುಂಬದ ಹುಡುಗಿಯ ಜೊತೆಗಿನ ಲೈಂಗಿಕ ಸಂಪರ್ಕ ಅವಳ ಒಪ್ಪಿಗೆ ಇದ್ದರೂ ಪೋಕ್ಸೊ ಕಾಯ್ದೆಯಡಿ ಅಪರಾಧ. ಹೆದರಿಸಲೆಂದು ಇದನ್ನು ಹೇಳಬೇಡಿ. ಕಥೆಯ ನಾಯಕ ನಿಜವಾದ ಶಿರಸಿಯಲ್ಲಿದ್ದರೆ ಅವನ ಮುಂದಿನ ಕಂತು ಪೊಲೀಸ್ ಠಾಣೆಯಲ್ಲಿ ನಡೆಯುತ್ತಿತ್ತು ಎಂಬುದು ಅವಳಿಗೆ ತಿಳಿದಿರಲಿ.

ಇನ್ನೊಂದು ಅಪಾಯವನ್ನು ತಂದೆ ತಾಯಂದಿರು ಗಮನಿಸುವುದೇ ಇಲ್ಲ. ಕಥೆ ಓದುವ ಜಾಗಗಳಲ್ಲಿ ಅಪರಿಚಿತರು ಸಂದೇಶ ಕಳಿಸಲು ದಾರಿ ಇರುತ್ತದೆ. ಕಥೆಗಿಂತ ಅದು ನಿಜವಾದ ಚಿಂತೆ. ‘ನಿಮ್ಮ ಕಮೆಂಟ್ ಇಷ್ಟವಾಯಿತು’ ಎಂದು ಶುರುವಾಗಿ ಫೋಟೊ ಕೇಳುವವರೆಗೆ ಹೋದ ಪ್ರಸಂಗಗಳನ್ನು ನಾನು ಕೈಯಾರೆ ನಿಭಾಯಿಸಿದ್ದೇನೆ. ಮಗಳ ಖಾತೆಯಲ್ಲಿ ನಿಜ ಹೆಸರು, ಕಾಲೇಜು, ಚಿತ್ರ ಇದೆಯೇ ಎಂದು ಅವಳ ಜೊತೆ ಕುಳಿತು ನೋಡಿ, ತೆಗೆಸಿ, ಅಪರಿಚಿತರ ಸಂದೇಶ ಬರದಂತೆ ಮಾಡಲು ಸಾಧ್ಯವಿದ್ದರೆ ಮಾಡಿಸಿ. ವಯಸ್ಕರಿಗೆಂದು ಗುರುತು ಹಾಕಿದ ಕಥೆಗಳು ಸದ್ಯ ಬೇಡ ಎಂದು ನೇರವಾಗಿ ಹೇಳಿ. ಆ ಗೆರೆ ಎಳೆಯುವ ಹಕ್ಕು ತಾಯಿಯಾಗಿ ನಿಮಗಿದೆ.

ಟ್ರಂಕನ್ನು ರದ್ದಿಗೆ ಹಾಕಬೇಡಿ. ಆ ಕಾಲದ ಕಾದಂಬರಿಗಳಲ್ಲೂ ಕಪಾಳಕ್ಕೆ ಹೊಡೆದು ತಿದ್ದುವ ಗಂಡಂದಿರು, ಸಹನೆಯೇ ಹೆಣ್ಣಿನ ಆಭರಣ ಎನ್ನುವ ಕೊನೆಯ ಪುಟಗಳು ಸಾಕಷ್ಟಿವೆ. ಅವೂ ಚರ್ಚೆಗೆ ಬರಲಿ. ಆದರೆ ಅಲ್ಲೇ ತ್ರಿವೇಣಿಯವರ ಶರಪಂಜರವೂ ಇರಬಹುದು. ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬಿದ್ದು ಗುಣ ಹೊಂದಿ ಬಂದ ಕಾವೇರಿಯನ್ನು ಗಂಡನೂ ಬಳಗವೂ ಮತ್ತೆ ನಂಬದೆ ಹೇಗೆ ಮುರಿಯುತ್ತಾರೆ ಎಂಬ ಕಥೆ. ಮನೋವಿಜ್ಞಾನ ಓದಿದ್ದ ತ್ರಿವೇಣಿ 1963ರಲ್ಲಿ, 34ರ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರೊಳಗೆ ಅವರು ಕನ್ನಡದ ಮನೆಮನೆಗೆ ಹೇಳಿಹೋದದ್ದನ್ನು ನನ್ನಂಥವರು ಇಂದಿಗೂ ಕೋಣೆಯಲ್ಲಿ ಕೂರಿಸಿಕೊಂಡು ಹೇಳಬೇಕಾಗಿದೆ. ಪ್ರೀತಿ ಎಂದರೆ ಕಷ್ಟದಲ್ಲಿ ಏನು ಉಳಿಯುತ್ತದೆ ಎಂಬುದನ್ನು ಮಗಳು ಅಲ್ಲಿ ಓದಲಿ.

ಎದೆ ಝಲ್ಲೆಂದಿತು, ಯಾಕೆಂದು ಬರೆಯಲಾರೆ ಎಂದಿರಿ. ಬರೆಯಬೇಕಾಗಿಲ್ಲ. ಬಲವಂತದ ದೃಶ್ಯ ಓದಿದಾಗ ಕೆಲವರಿಗೆ ತಮ್ಮದೇ ಹಳೆಯದೊಂದು ದಿನ ಎದ್ದು ಬರುತ್ತದೆ. ಬೆವರು, ನಿದ್ದೆಯಿಲ್ಲದ ರಾತ್ರಿ, ಮೈ ಮುಟ್ಟಿಸಿಕೊಳ್ಳಲು ಅಂಜಿಕೆ ಇದ್ದರೆ ಅದನ್ನು ಒಬ್ಬರೇ ಹೊರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ಮಹಿಳಾ ಸಹಾಯವಾಣಿ 181. ಮದುವೆಯೊಳಗಿನ ಲೈಂಗಿಕ ಬಲವಂತವೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಮಾಹಿತಿಗಾಗಿ ಹೇಳಿದ್ದೇನೆ, ನಿಮ್ಮ ಬಗ್ಗೆ ಏನನ್ನೂ ಊಹಿಸಿ ಅಲ್ಲ.

ಯಜಮಾನರ ಜೊತೆ ಮಾತಾಡಲು ಅವರು ಸಿಟ್ಟಿನಲ್ಲಿರುವ ಹೊತ್ತು ಆರಿಸಬೇಡಿ. ಪುಸ್ತಕದ ಪರವಾಗಿ ವಾದಿಸಲೂ ಹೋಗಬೇಡಿ, ಸೋಲು ಗೆಲುವಿನ ಮಾತಾಗುತ್ತದೆ. ಮಗಳು ಎಳೆದುಕೊಂಡು ಹೋಗುವುದನ್ನು ಪ್ರೀತಿ ಎಂದುಕೊಂಡಿದ್ದಾಳೆ, ಇದು ನಮ್ಮಿಬ್ಬರ ಚಿಂತೆ, ಅವಳಿಗೆ ಅಪ್ಪನ ಬಾಯಿಂದಲೂ ಅದು ತಪ್ಪೆಂದು ಕೇಳಿಸಬೇಕು ಎಂದು ಹೇಳಿ. ಬಹಳ ಮಂದಿ ತಂದೆಯರು ಮಗಳಿಗೆ ಹೇಗಿರಬೇಕೆಂದು ಹೇಳುತ್ತಾರೆ, ಗಂಡು ಹೇಗಿರಬೇಕೆಂದು ಹೇಳುವುದೇ ಇಲ್ಲ. ನೀವು ಓದುವ ಕಥೆಯೊಂದನ್ನು, ಮುಜುಗರವಿಲ್ಲದ್ದನ್ನು ಆರಿಸಿ, ಅವರಿಗೆ ಓದಿ ಹೇಳಿ. ಕಾಣದಿದ್ದಾಗ ಬೆಳೆಯುವ ಅನುಮಾನ ಕೇಳಿಸಿಕೊಂಡ ಮೇಲೆ ಅಷ್ಟು ಉಳಿಯುವುದಿಲ್ಲ. ಅಷ್ಟಾದರೂ ಆ್ಯಪ್ ತೆಗೆಯಲೇಬೇಕು ಎಂದು ಪಟ್ಟು ಹಿಡಿದರೆ ಒಂದು ಮಾತು ಬರೆದು ತಿಳಿಸಿ, ಇಬ್ಬರೂ ಒಟ್ಟಿಗೆ ಕುಳಿತು ಮಾತಾಡಲು ಶಿರಸಿಯ ಆಸುಪಾಸಿನಲ್ಲಿ ಯಾರಿದ್ದಾರೆ ಎಂದು ವಿಚಾರಿಸಿ ಹೇಳುತ್ತೇನೆ.